ಅಪ್ಪನ ಫೋನು, ಮಗನ ಆಯ್ಕೆ

ಶಿರೋಳಿಯ ಮಂದಿಗೆ ಚಪ್ಪಲಿ ಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪಂಚಗಂಗೆಯ ಸೇತುವೆ ದಾಟಿದರೆ ಕೊಲ್ಹಾಪುರ. ಅಲ್ಲಿ ಅಂಗಡಿಯವ ಎಷ್ಟೇ ಹೊಗಳಲಿ, ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ಕರ್ ಕರ್ ಅನ್ನಿಸಿ, ಹೆಬ್ಬೆರಳು ಕಚ್ಚುತ್ತದೋ ಹೇಗೆ ಅಂತ ನೋಡಿ, ಆಮೇಲೆಯೇ ರೇಟಿನ ಜಗಳ. ಅದೇ ಮನೆಯ ಮಗ ಅಪ್ಪನಿಗೆ ಫೋನು ಕೊಳ್ಳುವಾಗ ಮಾತ್ರ ಅಪ್ಪನ ಕೈಯನ್ನು ಕೇಳುವುದಿಲ್ಲ. ಪುಣೆಯಲ್ಲಿ ಕೂತು ಆರ್ಡರ್ ಮಾಡುತ್ತಾನೆ, ಡಬ್ಬಿ ಇಲ್ಲಿ ಬಂದು ಇಳಿಯುತ್ತದೆ. ಕ್ಯಾಮೆರಾ 50 ಮೆಗಾಪಿಕ್ಸೆಲ್ ಅಂತೆ. ಅದರಲ್ಲಿ ಅಪ್ಪ ತೆಗೆಯುವುದು ಒಂದೇ ಫೋಟೊ, ತನ್ನದೇ ಹೆಬ್ಬೆರಳಿನದು.

ಆ ಹೆಬ್ಬೆರಳಾದರೂ ಎಂಥದ್ದು? ಎಂಐಡಿಸಿ ಕೈಗಾರಿಕಾ ವಸಾಹತಿನ ಫೌಂಡ್ರಿಯಲ್ಲಿ ಆಯುಷ್ಯವಿಡೀ ಮರಳು ಬಡಿದದ್ದು. ಫೋನಿನ ಗಾಜು ಗುರುತಿಸುವುದು ಬೆರಳಿನ ವಿದ್ಯುತ್ ಗುಣವನ್ನು, ಚರ್ಮದ ಪಸೆ ಅದಕ್ಕೆ ನೆರವಾಗುತ್ತದೆ. ಒಣಗಿ ದಡ್ಡುಗಟ್ಟಿದ ಬೆರಳು ಅದಕ್ಕೆ ಬೆರಳೇ ಅಲ್ಲ. ಒತ್ತಿದ್ದು ಹತ್ತಲಿಲ್ಲವೆಂದು ಅಪ್ಪ ಇನ್ನಷ್ಟು ಜೋರಾಗಿ, ಇನ್ನಷ್ಟು ಹೊತ್ತು ಒತ್ತುತ್ತಾರೆ. ಆಗ ಫೋನು ‘ಇದನ್ನು ತೆಗೆದುಹಾಕಲೇ?’ ಅನ್ನುತ್ತದೆ. ವಾಟ್ಸ್ಯಾಪ್ ಮಾಯ.

‘ಅಪ್ಪಾ, ಮತ್ತೇನೋ ಒತ್ತೀರಿ ನೋಡ್ರಿ!’

‘ಒತ್ತಲಾರದ ಹೆಂಗ್ ನಡೀತದೋ ತಮ್ಮಾ ಇದು?’

ಅಪ್ಪನದೇ ಸರಿ. ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯೊಳಗೆ ಒತ್ತಿ ಹಿಡಿಯುವ ಹೊತ್ತನ್ನು ಹೆಚ್ಚಿಸುವ ಸೌಲಭ್ಯವಿದೆ. ಮಗನಿಗೆ ಅದು ಗೊತ್ತಿಲ್ಲ, ಗೇಮಿನದ್ದೆಲ್ಲ ಗೊತ್ತು. ಇನ್ನು ಭಾಷೆ. ಮನೆಮಾತು ಕನ್ನಡ, ಶಾಲೆಯಲ್ಲಿ ತಿದ್ದಿದ್ದು ಮರಾಠಿ ಅಕ್ಷರ, ಮೊಮ್ಮಗ ಇಟ್ಟುಕೊಟ್ಟದ್ದು ಇಂಗ್ಲಿಷು!

ಕಿವಿಯ ಕತೆ ಕೇಳಬೇಕಾದರೆ ಇಚಲಕರಂಜಿಗೆ ಹೋಗಬೇಕು. ಅಲ್ಲಿ ಸಾದಾ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುತ್ತದೆ. ಅದರೊಳಗೇ ಹಗಲು-ರಾತ್ರಿ ಪಾಳಿ ಮಾಡಿದ ಕಾಕಾಗೆ ಮೊದಲು ಕೈಕೊಡುವುದು ಕೀಚಲು ದನಿ. ಹಕ್ಕಿ ಚಿಲಿಪಿಲಿಯ ರಿಂಗ್‌ಟೋನ್ ಹಾಕಿಕೊಟ್ಟು ‘ಕಾಕಾ ಫೋನ್ ಎತ್ತೂದಿಲ್ಲ’ ಅಂತ ದೂರಿದರೆ ಕಾಕಾ ಏನು ಮಾಡಬೇಕು? ದಪ್ಪ ದನಿಯದನ್ನು ಹಾಕಿ, ಎತ್ತುತ್ತಾರೆ.

ಕಿವಿಯಂತ್ರದಲ್ಲೂ ನಮಗೆ ಶೋಕಿ ಮೊದಲು. ಯಾರಿಗೂ ಕಾಣಬಾರದು ಅಂತ ಕಿವಿಯೊಳಗೇ ಕೂರುವ ಪುಟ್ಟದನ್ನು ಕೊಡಿಸುತ್ತೇವೆ. ಅದರ ಹಳದಿ ಸ್ಟಿಕ್ಕರಿನ 10ನೇ ನಂಬರಿನ ಸೆಲ್ ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು. ಕೆಳಗೆ ಬಿದ್ದರೆ ಮನೆಮಂದಿಯೆಲ್ಲ ನೆಲದ ಮೇಲೆ. ಬೆರಳು ಸೆಟೆದವರಿಗೆ ಕಿವಿಯ ಹಿಂದೆ ಕೂರುವ, ದೊಡ್ಡ ಸೆಲ್ಲಿನ ಯಂತ್ರವೇ ಮೇಲು. ಒಂದು ಗುಟ್ಟು: ಆ ಸ್ಟಿಕ್ಕರ್ ಕಿತ್ತೊಡನೆ ಗಾಳಿ ಸೇರಿ ಸೆಲ್ ಜೀವ ತಾಳುತ್ತದೆ, ಬಳಸಿದರೂ ಬಿಟ್ಟರೂ ಮುಗಿಯುತ್ತಲೇ ಹೋಗುತ್ತದೆ. ಪ್ಯಾಕಿನ ಆರಕ್ಕೆ ಆರನ್ನೂ ಒಮ್ಮೆಲೇ ಕಿತ್ತಿಟ್ಟ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಸ್ಮಾರ್ಟ್ ವಾಚಿನ ಬಗ್ಗೆ ಹೆಚ್ಚು ಬೇಡ. ಹೊತ್ತು ಮೂಡುವ ಮೊದಲೆದ್ದು ಭಾಕ್ರಿ ಬಡಿದು ಈಗಷ್ಟೇ ಕೂತ ಅವ್ವನಿಗೆ ‘ಎದ್ದು ನಿಲ್ಲಿ’ ಅನ್ನುವ ಯಂತ್ರ ಅದು.

ಬಟನ್ ಫೋನು ಕೊಟ್ಟರೆ ಮರ್ಯಾದೆ ಹೋಗುತ್ತದೆ ಅಂತ ಮಕ್ಕಳಿಗೆ ಅಳುಕು. 2019ರ ಆಗಸ್ಟಿನ ಮಹಾಪೂರದಲ್ಲಿ ಶಿರೋಳಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿ ದಿನಗಟ್ಟಲೆ ಬಂದಾಗಿತ್ತು. ಕರೆಂಟು ಹೋದ ಅಂಥ ಹೊತ್ತಿನಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಉಸಿರಾಡುವ, ನೆತ್ತಿಯಲ್ಲಿ ಟಾರ್ಚ್ ಇರುವ ಫೋನಿಗಿಂತ ಮರ್ಯಾದಸ್ಥ ಯಾರಿದ್ದಾರೆ? 2022ರ ಮಾರ್ಚಿನಲ್ಲಿ ಯುಪಿಐ 123ಪೇ ಬಂದ ಮೇಲೆ, ಇಂಟರ್ನೆಟ್ ಇಲ್ಲದೆಯೂ ಬಟನ್ ಫೋನಿನಿಂದ ದುಡ್ಡು ಕಳಿಸಬಹುದು. ಪಿಂಚಣಿಯ ಜೀವನ ಪ್ರಮಾಣವನ್ನು ಮನೆಯಲ್ಲೇ ಮುಖ ತೋರಿಸಿ ಮುಗಿಸಲು ಸ್ಮಾರ್ಟ್‌ಫೋನ್ ಬೇಕಲ್ಲ ಅನ್ನುತ್ತೀರಾ? ಬೇಕು. ಬೆರಳಚ್ಚು ಸವೆದವರಿಗಂತೂ 2021ರಲ್ಲಿ ಬಂದ ಮುಖ ಗುರುತಿಸುವ ಪದ್ಧತಿ ದೊಡ್ಡ ಉಪಕಾರ. ಆದರೆ ಅದು ವರ್ಷಕ್ಕೊಮ್ಮೆಯ ಕೆಲಸ, ಮಗನ ಫೋನೇ ಸಾಕು. ಆ ನೆಪದಲ್ಲಾದರೂ ಊರಿಗೆ ಬಂದಾನು.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಮುಖ್ಯಮಂತ್ರಿ ವಯೋಶ್ರೀ ಯೋಜನೆ ತಂದಿದೆ. 65 ತುಂಬಿದ, ವರ್ಷದ ಆದಾಯ 2 ಲಕ್ಷದೊಳಗಿನವರಿಗೆ ಕನ್ನಡಕ, ಕಿವಿಯಂತ್ರದಂಥ ಸಾಧನಕ್ಕಾಗಿ ಒಂದು ಸಲ 3,000 ರೂಪಾಯಿ ಖಾತೆಗೆ ಬೀಳುತ್ತದೆ. ಅರ್ಜಿ ತುಂಬುವ ಕೆಲಸ ಬೇಕಾದರೆ ನೀವು ಮಾಡ್ರಿ. ಆರಿಸುವ ದಿನ ಮಾತ್ರ ಕೌಂಟರಿನ ಮುಂದೆ ಅಪ್ಪ ನಿಲ್ಲಲಿ, ನೀವು ಹೊರಗೆ ಚಹಾ ಕುಡೀತಾ ಕೂಡ್ರಿ.