ಕಿವಿ ಬಳಕೆಯ ಕೈಪಿಡಿ: ದೇವನಹಳ್ಳಿ–ಹೆಬ್ಬಾಳ ಮಾರ್ಗದ ಬೈಕ್ ಸವಾರರಿಗೆ



ಒಂದು ಜೊತೆ ಕಿವಿಗಳ ಮಾಲೀಕರಾಗಿರುವ ತಮಗೆ ಅಭಿನಂದನೆಗಳು. ತಾವು ಹುಟ್ಟಿದಾಗಲೇ ತಲುಪಿಸಲಾದ ಸದರಿ ಸರಕಿನೊಂದಿಗೆ ಕೈಪಿಡಿ ಇರಲಿಲ್ಲವೆಂಬ ದೂರಿನ ಮೇರೆಗೆ ಇದನ್ನು ಹೊರತರಲಾಗಿದೆ. ಬಳಕೆಗೆ ಮುನ್ನ ಪೂರ್ತಿ ಓದಿಕೊಳ್ಳಿ. ಬೈಕ್ ಓಡಿಸುತ್ತಾ ಓದಬೇಡಿ.

ಈ ಕೈಪಿಡಿ ಮನುಷ್ಯರ ಕಿವಿಗೆ ಮಾತ್ರ ಅನ್ವಯ. ಸರ್ಕಾರದ ಕಿವಿಯ ರಚನೆಯೇ ಬೇರೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಸರ್ಕಾರ ಕೇಳಿದ 1,777 ಎಕರೆ ಜಮೀನು ಕೊಡುವುದಿಲ್ಲವೆಂದು 2022ರ ಏಪ್ರಿಲ್‌ನಲ್ಲಿ ಕೂಗಲು ಶುರು ಮಾಡಿದರು. ಅದು ಆ ಕಿವಿಗೆ ಬಿದ್ದದ್ದು 2025ರ ಜುಲೈನಲ್ಲಿ. ಅಂಥ ಕಿವಿಗೆ ನಾವು ಶಿಫಾರಸು ಮಾಡುವ ಯಾವ ರಕ್ಷಣೆಯೂ ಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಎಡಗಿವಿ ಒಂದು, ಬಲಗಿವಿ ಒಂದು. ಒಂದೊಂದರ ಒಳಗೂ ಒಂದು ಸುರುಳಿ, ಆ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳು. ಕೇಳಿಸುವ ಕೆಲಸವೆಲ್ಲ ಇವುಗಳದ್ದೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಿಡಿಭಾಗ ಜೆ.ಸಿ. ರಸ್ತೆಯಲ್ಲೂ ಸಿಗುವುದಿಲ್ಲ. ಕೋಳಿಗಾದರೆ ಹಾಳಾದ ರೋಮಕೋಶ ತಾನಾಗಿ ಬೆಳೆದುಕೊಳ್ಳುತ್ತದೆ. ಕೋಳಿಗೆ ಕೊಟ್ಟ ಸೌಲಭ್ಯ ಗ್ರಾಹಕರಿಗೆ ಏಕಿಲ್ಲ ಎಂಬ ಪ್ರಶ್ನೆಯನ್ನು ಮೇಲಿನವರಿಗೆ ಕಳಿಸಲಾಗಿದೆ, ಉತ್ತರ ಬಂದಿಲ್ಲ.

ಶತ್ರುವಿನ ಗುರುತು

ದೇವನಹಳ್ಳಿಯವರನ್ನು ಸದ್ದಿನ ಬಗ್ಗೆ ಕೇಳಿದರೆ ಮೊದಲು ಕೈ ಮೇಲಕ್ಕೆ ಹೋಗುತ್ತದೆ: ವಿಮಾನ. ವಿಮಾನ ನಿಲ್ದಾಣ ತೆರೆದ 2008ರ ಮೇ 24ರಿಂದ ಊರಿನ ಆಕಾಶ ನಮ್ಮದಲ್ಲ, ನಿಜ. ಆಮೇಲೆ ಕೈ ರಸ್ತೆಯ ಕಡೆ ತಿರುಗುತ್ತದೆ: ಟಿಪ್ಪರ್ ಲಾರಿ, ಮೆಟ್ರೊ ಕಾಮಗಾರಿ, ನಂದಿ ಬೆಟ್ಟದಲ್ಲಿ ಸೂರ್ಯನನ್ನು ಹುಟ್ಟಿಸಲು ಭಾನುವಾರ ನಾಲ್ಕು ಗಂಟೆಗೇ ಬೆಂಗಳೂರಿಂದ ಹೊರಡುವ ಬುಲೆಟ್ ಪಡೆ. ಎರಡು ವರ್ಷಕ್ಕೊಮ್ಮೆ ಯಲಹಂಕದ ಏರೋ ಇಂಡಿಯಾ ಬಂದರೆ ಯುದ್ಧವಿಮಾನಗಳದ್ದೂ ಸೇರುತ್ತದೆ. ಕಂಪನಿಯಿಂದ ಹೊರಬೀಳುವ 80ರಿಂದ 175 ಸಿಸಿಯ ಬೈಕಿಗೆ ಕಾನೂನಿನ ಮಿತಿ 77 ಡೆಸಿಬಲ್, ಅದಕ್ಕೂ ದೊಡ್ಡದಕ್ಕೆ 80. ಸೈಲೆನ್ಸರ್ ಬದಲಾಯಿಸಿದ ಮೇಲೆ ಮಿತಿ ಎಷ್ಟೆಂದು ನಮ್ಮನ್ನು ಕೇಳಬೇಡಿ, ಬೀದಿಬದಿಯ ಮನೆಯಲ್ಲಿ ಮಲಗಿರುವ ಮಗುವಿನ ತಾಯಿಯನ್ನು ಕೇಳಿ.

ಆದರೆ ಬೈಕ್ ಓಡಿಸುವವರ ಕಿವಿಯನ್ನು ತಿನ್ನುವುದು ಇವು ಯಾವುವೂ ಅಲ್ಲ. ಗಾಳಿ. ಅದೂ ಹೆಲ್ಮೆಟ್ ಒಳಗಿನ ಗಾಳಿ.

ಗದ್ದದ ಕೆಳಗಿನ ಸಂದಿಯಿಂದ ನುಗ್ಗಿ, ಕತ್ತಿನ ಸುತ್ತ ಸುಳಿದು, ಚಿಪ್ಪನ್ನು ಅದುರಿಸಿ, ಕಿವಿಯ ಪಕ್ಕದಲ್ಲೇ ಬುಸುಗುಡುತ್ತದೆ. ಗಂಟೆಗೆ 60 ಕಿ.ಮೀ. ದಾಟುವಷ್ಟರಲ್ಲಿ ಅದು 90 ಡೆಸಿಬಲ್ ಆಸುಪಾಸು. 100ರ ವೇಗದಲ್ಲಿ 100 ಡೆಸಿಬಲ್ ಆಸುಪಾಸು. ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ, ಸವಾರರ ಎತ್ತರದಿಂದ ಎತ್ತರಕ್ಕೆ ಹೆಚ್ಚುಕಮ್ಮಿ ಆಗುತ್ತದೆ, ಆದರೂ ವೇಗ ನೂರು, ಸದ್ದು ನೂರು ಎಂದು ನೆನಪಿಟ್ಟುಕೊಂಡರೆ ಲೆಕ್ಕಕ್ಕೆ ಸುಲಭ. ಹೆಲ್ಮೆಟ್ ಇದನ್ನು ತಡೆಯುವುದಿಲ್ಲವೇ? ತಲೆ ಒಡೆಯುವುದನ್ನು ತಡೆಯುತ್ತದೆ. ಗಾಳಿಯ ಸದ್ದಿನಲ್ಲಿ ಬಹುಪಾಲು ದಪ್ಪ ದನಿಯದ್ದು; ಅದು ಹೆಲ್ಮೆಟ್ ಒಳಗಿನ ಥರ್ಮಾಕೋಲನ್ನು ಲೆಕ್ಕಕ್ಕೇ ಇಡುವುದಿಲ್ಲ. ಬೈಕಿನ ಮುಂದೆ ಗಾಜು ಹಾಕಿಸಿದವರು ಗೆದ್ದೆವೆಂದುಕೊಳ್ಳಬೇಡಿ. ಗಾಜಿನ ಅಂಚಿನಿಂದ ಸಿಡಿದ ಗಾಳಿ ಒಮ್ಮೊಮ್ಮೆ ನೇರ ಕಿವಿಗೇ ಬಂದು ಬಡಿಯುತ್ತದೆ. ಇನ್ನು ಹೆದ್ದಾರಿ ಬದಿಯಲ್ಲಿ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ‘ಒರಿಜಿನಲ್ ಐಎಸ್‌ಐ ಅಣ್ಣ, ಬೇಕಾದ್ರೆ ಮೇಲೆ ನಿಂತ್ಕೊಳ್ಳಿ’ ಎಂದು ಮಾರುವ ಅರ್ಧ ಹೆಲ್ಮೆಟ್ ಇದೆಯಲ್ಲ, ಅದನ್ನು ಈ ಕೈಪಿಡಿ ಟೋಪಿ ಎಂದೇ ಪರಿಗಣಿಸುತ್ತದೆ.

ದಿನದ ಪಡಿತರ

ಕೆಲಸದ ಜಾಗದ ಸದ್ದಿಗೆ ಜಗತ್ತಿನ ತಜ್ಞರು ಇಟ್ಟುಕೊಂಡಿರುವ ಅಳತೆ 85 ಡೆಸಿಬಲ್, ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಹದಿನೈದೇ ನಿಮಿಷ.

ಈಗ ರಸ್ತೆಗೆ ಬನ್ನಿ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ರಾಣಿ ಕ್ರಾಸ್ ದಾಟಿ ನೂರರಲ್ಲಿ ಹೋದರೆ ಹದಿನೈದು ನಿಮಿಷಕ್ಕೆ 25 ಕಿ.ಮೀ. ಸಾದಹಳ್ಳಿ ಟೋಲ್, ಚಿಕ್ಕಜಾಲ, ಹುಣಸಮಾರನಹಳ್ಳಿ, ವಾಯುನೆಲೆ, ಜಕ್ಕೂರು. ಹೆಬ್ಬಾಳದ ಫ್ಲೈಓವರ್ ಕಣ್ಣಿಗೆ ಬೀಳುವ ಹೊತ್ತಿಗೆ ಇಡೀ ದಿನದ ಪಡಿತರ ಖರ್ಚಾಗಿರುತ್ತದೆ. ಟೋಲ್‌ನಲ್ಲಿ ಬೈಕಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಸುಂಕ ಬೇರೆ ಕಡೆಯಿಂದ ವಸೂಲಾಗುತ್ತದೆ. ಆಫೀಸು, ಟ್ರಾಫಿಕ್ಕು, ಮನೆಯಲ್ಲಿ ಟಿ.ವಿ., ಗಣೇಶನ ಪೆಂಡಾಲು, ಇವೆಲ್ಲ ಅಲ್ಲಿಂದ ಮುಂದೆ ಸಾಲದಲ್ಲಿ.

ಇಯರ್‌ಫೋನ್ ಆಯ್ಕೆ

ಈ ಗಾಳಿಯಲ್ಲಿ ಹಾಡು ಕೇಳಬೇಕೆಂಬ ಆಸೆ ಹುಟ್ಟಿದಲ್ಲಿಂದ ಗ್ರಾಹಕರ ನಿಜವಾದ ಕಷ್ಟ ಶುರು. ಗಾಳಿ 95ರಲ್ಲಿ ಕೂಗುತ್ತಿದ್ದರೆ ಹಾಡು ಅದಕ್ಕಿಂತ ಮೇಲೆ ಕೂಗಬೇಕು. ವಾಲ್ಯೂಮ್ ಏರುತ್ತದೆ. ಒಂದೇ ಮಟ್ಟದ ಎರಡು ಸದ್ದು ಕೂಡಿದರೆ ಇನ್ನೂ 3 ಡೆಸಿಬಲ್ ಜಾಸ್ತಿ, ಅಂದರೆ ಇದ್ದ ಹೊತ್ತೂ ಅರ್ಧ. ಕಳ್ಳನನ್ನು ಓಡಿಸಲು ಇನ್ನೊಬ್ಬ ಕಳ್ಳನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಈ ಯೋಜನೆ ನಮ್ಮ ತಾಲ್ಲೂಕಿನಲ್ಲಿ ಬಹಳ ಜನಪ್ರಿಯ.

ಅತ್ಯಂತ ಪುರಾತನವಾದದ್ದು ಸಿಕ್ಕಿಸುವ ಪದ್ಧತಿ. ಫೋನು ಬಂದೊಡನೆ ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲನ್ನು ತೂರಿಸಿ, ಕತ್ತು ಓರೆ ಮಾಡಿ, ‘ಹಲೋ, ಗಾಡೀಲಿದೀನಿ, ಆಮೇಲ್ ಮಾಡ್ತೀನಿ’ ಎಂದು ಹೇಳಿ, ಆಮೇಲೆ ಮಾಡದೆ ಅಲ್ಲೇ ಅರ್ಧ ಗಂಟೆ ಮಾತಾಡುವುದು. ಖರ್ಚಿಲ್ಲ, ಚಾರ್ಜ್ ಬೇಕಿಲ್ಲ. ಕಾನೂನಿನ ಕಣ್ಣಿಗೆ ಅಪಾಯಕಾರಿ ಚಾಲನೆ ಎನ್ನುವುದನ್ನು ಬಿಟ್ಟರೆ, ಮತ್ತು ಮೊಬೈಲ್ ಜಾರಿದಾಗ ಕೈ ಬ್ರೇಕಿಗೆ ಹೋಗಬೇಕೋ ಮೊಬೈಲಿಗೆ ಹೋಗಬೇಕೋ ಎಂಬ ತಾತ್ವಿಕ ಪ್ರಶ್ನೆಯನ್ನು ಬಿಟ್ಟರೆ, ಬೇರೆ ದೋಷ ಕಾಣುವುದಿಲ್ಲ.

ವೈರಿಲ್ಲದ ಗುಂಡಿಯಂಥವನ್ನು ಕೊಂಡವರಿಗೆ ಸೂಚನೆ: ಹೆಲ್ಮೆಟ್ ಇಳಿಸುವಾಗ ಒಂದು ಹೊರಗೆ ಬರುತ್ತದೆ, ಸರಿಮಾಡಿ ಮತ್ತೆ ಇಳಿಸಿದರೆ ಇನ್ನೊಂದು ಬರುತ್ತದೆ. ಟೀಗೆ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಎರಡೂ ಬಂದು, ಒಂದು ಮೋರಿಗೆ ಹೋಗುತ್ತದೆ. ಹೋಗದೆ ಉಳಿದದ್ದು ಮೆತ್ತೆಯ ಒತ್ತಡಕ್ಕೆ ಕಿವಿಯೊಳಗೆ ಕೀಲು ಹೊಡೆದಂತೆ ನೋಯುತ್ತದೆ. ಊಟ ತಲುಪಿಸುವ ಹುಡುಗರು ಮ್ಯಾಪಿನ ಮಾತು ಕೇಳಲು ಒಂದೇ ಕಿವಿಗೆ ಹಾಕಿಕೊಳ್ಳುತ್ತಾರೆ. ಹೊಟ್ಟೆಪಾಡು, ಬೈಯುವಂತಿಲ್ಲ. ಆದರೆ ಒಂದು ಕಿವಿಗೆ ಬರೀ ಗಾಳಿ, ಇನ್ನೊಂದಕ್ಕೆ ಗಾಳಿಯ ಜೊತೆ ‘ಟರ್ನ್ ಲೆಫ್ಟ್’.

‘ನಾಯ್ಸ್ ಕ್ಯಾನ್ಸಲಿಂಗ್ ತಗೊಂಡಿದೀನಿ, ನಂಗೇನೂ ಆಗಲ್ಲ’ ಎನ್ನುವವರು ಕೊಂಚ ನಿಲ್ಲಿ. ಬಂಗಾಳಿ ತಂದೆಗೆ ಅಮೆರಿಕದಲ್ಲಿ ಹುಟ್ಟಿದ ಮಗ ಅಮರ್ ಬೋಸ್‌ಗೆ ಇದು ಹೊಳೆದದ್ದು 1978ರಲ್ಲಿ, ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ ಕೂತು, ಎಂಜಿನ್ ಸದ್ದಿನಲ್ಲಿ ಹಾಡು ಕೇಳಿಸದೆ ರೇಗಿದಾಗ. 1989ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಹೆಡ್‌ಸೆಟ್ ಕೂಡ ಪೈಲಟ್‌ಗಳಿಗಾಗಿಯೇ. ವಿಮಾನದ ಗುಂಯ್‌ಗೆ ಒಂದೇ ಲಯ, ಅದಕ್ಕೆ ಸರಿಯಾಗಿ ತಲೆಕೆಳಗಾದ ಅಲೆ ಹುಟ್ಟಿಸಿ ಅದನ್ನು ಅಳಿಸಬಹುದು. ಬೈಕಿನ ಗಾಳಿಗೆ ಲಯವಿಲ್ಲ. ಮುಚ್ಚಿದ ಹೆಲ್ಮೆಟ್‌ನಲ್ಲಿ ಅಷ್ಟಿಷ್ಟು ಕೆಲಸ ಮಾಡೀತು, ಆದರೆ ಮೈಕಿಗೇ ಗಾಳಿ ಬಡಿಯತೊಡಗಿದರೆ ಯಂತ್ರ ತಬ್ಬಿಬ್ಬಾಗಿ ತಾನೇ ಗೊರಗುಟ್ಟುತ್ತದೆ. ಟರ್ಮಿನಲ್‌ನಿಂದ ಒಳಕ್ಕೆ ಹೋಗುವವರಿಗೆ ಮಾಡಿದ್ದನ್ನು ಟರ್ಮಿನಲ್‌ನಿಂದ ಹೊರಕ್ಕೆ ಬರುವವರು ಹಾಕಿಕೊಂಡರೆ ಹೀಗೆ. ಮೂಳೆಯ ಮೂಲಕ ಕೇಳಿಸುವ ಇಯರ್‌ಫೋನಂತೂ ಕಿವಿಯನ್ನು ತೆರೆದೇ ಇಡುತ್ತದೆ. ವಾಕಿಂಗ್‌ಗೆ ಒಳ್ಳೆಯದು.

ಬೇಕೇ ಬೇಕೆನ್ನುವವರಿಗೆ ನಮ್ಮ ಶಿಫಾರಸು ಒಂದೇ. ಮೊದಲು ಕಿವಿಗೆ ಪ್ಲಗ್, ಆಮೇಲೆ ಹೆಲ್ಮೆಟ್ಟಿನ ಮೆತ್ತೆಯೊಳಗೆ ಕೂರಿಸುವ ಚಪ್ಪಟೆ ಸ್ಪೀಕರು. ಪ್ಲಗ್ ಹಾಕಿದ ಮೇಲೆ ಸ್ಪೀಕರ್ ಹೇಗೆ ಕೇಳೀತು ಎಂದು ಎಲ್ಲರೂ ನಗುತ್ತಾರೆ. ಹಾಕಿ ನೋಡಿ. ಗಾಳಿ ತಗ್ಗುತ್ತದೆ, ಕಿವಿ ಕಂಗೆಡುವುದಿಲ್ಲ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಪ್ಲಗ್ ಖರೀದಿ ಮತ್ತು ಅಳವಡಿಕೆ

ಊರಿನಲ್ಲಿ ಪ್ಲಗ್ ಕೊಳ್ಳುವುದು ಸಾಹಸ. ಮೆಡಿಕಲ್ ಸ್ಟೋರಿನಲ್ಲಿ ನಡೆಯುವ ಮಾತುಕತೆಯ ಮಾದರಿ ಹೀಗಿದೆ:

‘ಇಯರ್ ಪ್ಲಗ್ ಇದ್ಯಾ?’

‘ಬಡ್ಸಾ ಅಣ್ಣ?’

‘ಬಡ್ಸಲ್ಲ. ಕಿವಿ ಮುಚ್ಕೊಳ್ಳೋದು.’

‘ಹತ್ತಿ ಕೊಡ್ಲಾ?’

ಹತ್ತಿ ಬೇಡ. ಹತ್ತಿ ಇಟ್ಟುಕೊಂಡರೆ ಚಳಿ ತಡೆಯುತ್ತದೆ, ಸದ್ದು ಆರಾಮಾಗಿ ದಾಟುತ್ತದೆ. ಸೇಫ್ಟಿ ಶೂ, ಹಳದಿ ಹೆಲ್ಮೆಟ್ಟು ಮಾರುವ ಅಂಗಡಿಯಲ್ಲಿ ಕೇಳಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. ಫೋಮಿನದು ಜೊತೆಗೆ ಹತ್ತಿಪ್ಪತ್ತು ರೂಪಾಯಿ. ಮೂರು ಸಾವಿರದ ಇಯರ್‌ಫೋನಿಗೆ ಮೂರು ದಿನ ರಿವ್ಯೂ ನೋಡುವ ಗ್ರಾಹಕರು ಇಪ್ಪತ್ತು ರೂಪಾಯಿಗೆ ಯೋಚನೆ ಮಾಡಿ ಹೇಳ್ತೀನಿ ಎನ್ನುವುದು ನಮ್ಮ ಗಮನಕ್ಕೆ ಬಂದಿದೆ.

ಹಾಕುವ ಕ್ರಮದಲ್ಲೇ ಎಲ್ಲ ಇರುವುದು. ಕೈ ತೊಳೆದುಕೊಳ್ಳಿ, ಚೈನಿಗೆ ಎಣ್ಣೆ ಬಿಟ್ಟ ಕೈಯಲ್ಲಿ ಬೇಡ. ಫೋಮನ್ನು ದೇವರ ದೀಪದ ಬತ್ತಿ ಹೊಸೆದ ಹಾಗೆ ತೆಳ್ಳಗೆ, ಮಡಿಕೆ ಬೀಳದಂತೆ ಹೊಸೆಯಿರಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಶಾಲೆಯಲ್ಲಿ ಮೇಷ್ಟ್ರು ಎಳೆಯುತ್ತಿದ್ದರಲ್ಲ, ಅದೇ ದಿಕ್ಕು. ಹಾಗೆ ಎಳೆದಾಗ ಕಿವಿಯ ಕೊಳವೆ ನೆಟ್ಟಗಾಗುತ್ತದೆ. ಒಳಗೆ ತೂರಿಸಿ, ಅರ್ಧ ನಿಮಿಷ ಬೆರಳಿನಿಂದ ಹಾಗೆಯೇ ಒತ್ತಿ ಹಿಡಿಯಿರಿ, ಫೋಮು ಉಬ್ಬಿ ಕೂರುತ್ತದೆ. ಅರ್ಧಕ್ಕರ್ಧ ಹೊರಗೆ ಇಣುಕುತ್ತಿದ್ದರೆ ಅದು ಪ್ಲಗ್ ಅಲ್ಲ, ಓಲೆ. ಪೊಟ್ಟಣದ ಮೇಲೆ 33 ಡೆಸಿಬಲ್ ತಗ್ಗಿಸುತ್ತದೆ ಎಂದು ಬರೆದಿರಬಹುದು. ಅದು ಪ್ರಯೋಗಾಲಯದ ಅಂಕಿ, ಮೈಲೇಜಿನ ಹಾಗೆ ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಇಪ್ಪತ್ತು ಬಂದರೂ 100 ಇದ್ದದ್ದು 80ಕ್ಕಿಳಿಯುತ್ತದೆ. ಆ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಫೋಮು ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಿರಿ. ಗುಗ್ಗೆ ತುಂಬಿರುವ ಕಿವಿಗೆ ತೂರಿಸಿ ಅದನ್ನು ಇನ್ನೂ ಒಳಗೆ ತಳ್ಳಬೇಡಿ, ಮೊದಲು ಡಾಕ್ಟರ ಹತ್ತಿರ ತೆಗೆಸಿ. ತುರಿಕೆಗೆ ಬೈಕಿನ ಕೀಲಿಯನ್ನು ಕಿವಿಗೆ ಹಾಕಿ ತಿರುಗಿಸುವ ಪದ್ಧತಿಯಿಂದ ಕಿವಿ ಸ್ಟಾರ್ಟ್ ಆದ ಉದಾಹರಣೆ ಇಲ್ಲ.

ಪೊಲೀಸರು ಕೈ ತೋರಿಸಿದಾಗ

‘ಏನ್ರೀ ಅದು ಕಿವೀಲಿ? ಹಾಡಾ?’

‘ಹಾಡಲ್ಲ ಸಾರ್. ಏನೂ ಕೇಳಿಸ್ದಂಗೆ ಹಾಕ್ಕೊಂಡಿರೋದು.’

‘ಏನೂ ಕೇಳ್ಸಲ್ವಾ? ಇದು ಹಾಡಿಗಿಂತ ಕಡೆಯಾಯ್ತಲ್ರೀ!’

ಉತ್ತರ ಕೊಡುವ ಮುನ್ನ ಪ್ಲಗ್ ತೆಗೆಯಿರಿ, ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಪ್ಲಗ್ ಕಿವುಡು ಮಾಡುವುದಿಲ್ಲ, ಗಾಳಿ ಮತ್ತು ಹಾರ್ನ್ ಎರಡನ್ನೂ ಒಟ್ಟಿಗೇ ಕೆಳಗಿಳಿಸುತ್ತದೆ. ವೇಗದಲ್ಲಿದ್ದಾಗ ಗಾಳಿಯ ಮೊರೆತದಲ್ಲಿ ಮುಳುಗುತ್ತಿದ್ದ ಆಂಬುಲೆನ್ಸ್ ಪ್ಲಗ್ ಇದ್ದರೂ ಕೇಳುತ್ತದೆ ಎಂದು ವಿನಯದಿಂದ ವಿವರಿಸಬಹುದು. ಆದರೆ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತು ವಾದ ಮಾಡಿದರೆ ಪೊಲೀಸರ ಮಾತಿನಲ್ಲೂ ಹುರುಳಿದೆ. ಆಮೆಯ ವೇಗದಲ್ಲಿ ಗಾಳಿಯೇ ಇಲ್ಲ, ಫೋಮು ಅಲ್ಲಿ ಅತಿಯಾಯಿತು. ಪಕ್ಕದ ಆಟೋದವರು ಏನೆಂದರೆಂದು ತಿಳಿಯುವುದು ಮುಖ್ಯ, ತಿಳಿಯದಿರುವುದೇ ಮುಖ್ಯವೆನ್ನುವವರೂ ಇದ್ದಾರೆ. ನಿಂತು ನಿಂತು ಸಾಗುವ ದಾರಿಯೇ ಹೆಚ್ಚಿದ್ದರೆ ಸಣ್ಣ ರಂಧ್ರದ ಫಿಲ್ಟರ್ ಇರುವ ಪ್ಲಗ್ ವಾಸಿ.

ಈಗಾಗಲೇ ತರಬೇತಿ ಪಡೆದವರಿಗೆ

ವಿಮಾನ ನಿಲ್ದಾಣದ ಒಳಗೆ, ವಿಮಾನದ ಹತ್ತಿರ ಕೆಲಸ ಮಾಡುವವರು ಇದನ್ನು ಓದುವ ಅಗತ್ಯವೇ ಇರಬಾರದಿತ್ತು. ಅವರಿಗೆ ಕಿವಿ ಮುಚ್ಚುವ ಮಫ್ ಕೆಲಸದ ಸಾಮಾನುಗಳಲ್ಲಿ ಒಂದು. ಎಂಜಿನ್ ಗುಡುಗುವಾಗ ಅವರು ಜೋಪಾನ. ಶಿಫ್ಟ್ ಮುಗಿಯುತ್ತದೆ, ಮಫ್ ಕಳಚುತ್ತಾರೆ, ಬೈಕ್ ಹತ್ತಿ, ಗಾಜು ಮೇಲೆತ್ತಿ, ಬರಿಗಿವಿಯಲ್ಲಿ ನಮ್ಮ ತಾಲ್ಲೂಕಿನ ವಿಜಯಪುರದ ಕಡೆಗೋ ದೊಡ್ಡಬಳ್ಳಾಪುರದ ಕಡೆಗೋ ಎಂಬತ್ತರಲ್ಲಿ ಹೊರಡುತ್ತಾರೆ. ಎಂಟು ಗಂಟೆ ಕಾದಿಟ್ಟದ್ದನ್ನು ಮನೆಗೆ ಹೋಗುವ ದಾರಿಯಲ್ಲಿ ಖರ್ಚು ಮಾಡುವುದು. ಕಾರಣ ಕೇಳಿದರೆ, ‘ಅಲ್ಲಿ ಕಂಪ್ನಿ ರೂಲು, ಇಲ್ಲಿ ಯಾರ್ ಕೇಳ್ತಾರೆ?’

ತೊಂದರೆ ಮತ್ತು ಪರಿಹಾರ

ನಂದಿಯಿಂದ ಬಂದು ಮಲಗಿದಾಗ ಕಿವಿಯಲ್ಲಿ ಜೀರುಂಡೆ ಕೂಗುತ್ತದೆ: ಹೊರಗೆ ಹೋಗಿ ನೋಡಿ. ಅಲ್ಲೂ ಜೀರುಂಡೆ ಇದ್ದರೆ ಸಂತೋಷ. ಇಲ್ಲದಿದ್ದರೆ ಅದು ರೋಮಕೋಶಗಳ ದೂರು. ಒಂದೆರಡು ದಿನದಲ್ಲಿ ನಿಂತರೆ ಎಚ್ಚರಿಕೆ ಎಂದು ತಿಳಿಯಿರಿ, ನಿಲ್ಲದಿದ್ದರೆ ಬೆಚ್ಚಗಿನ ಎಣ್ಣೆ ಬಿಡುತ್ತಾ ಕೂರಬೇಡಿ.

ಜನರ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ: ಸದ್ದಿಗೆ ಮೊದಲು ಸೋಲುವುದು 4,000 ಹರ್ಟ್ಸ್ ಸುತ್ತಲಿನ ತೆಳು ದನಿಗಳ ಜಾಗ. ಸ್ವರಗಳು ಗಟ್ಟಿಯಾಗಿ ಉಳಿಯುತ್ತವೆ, ಸ, ಶ, ಷ ಮೊದಲಾದವು ಸವೆಯುತ್ತವೆ. ಮದುವೆ ಮನೆಯಲ್ಲಿ ಬಡಿಸಲು ನಿಂತಿದ್ದೀರಿ. ನೆಂಟರು ‘ಸಾಕು’ ಎನ್ನುತ್ತಾರೆ, ತಮಗೆ ‘ಹಾಕು’ ಎಂದು ಕೇಳಿಸುತ್ತದೆ. ಎಲೆ ತುಂಬಿ ಸಾರು ಪಂಕ್ತಿಯುದ್ದ ಹರಿದಮೇಲೆ ಪರೀಕ್ಷೆಗೆ ಹೋಗುವ ಬದಲು ಮೊದಲೇ ಹೋಗಿ. ಬೆಂಗಳೂರಿನ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ; ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ದೇಶಕ್ಕೇ ಹೆಸರಾದದ್ದು.

ಪರೀಕ್ಷೆಗೆ ಬೈಕಿನಲ್ಲಿ ಹೋಗಬೇಡಿ. ಗಾಳಿ ತಿಂದು ಬಂದ ಕಿವಿ ಕೆಲವು ಗಂಟೆ ಮಂಕಾಗಿರುತ್ತದೆ, ಇರುವುದಕ್ಕಿಂತ ಕಡಿಮೆ ಅಂಕ ತೆಗೆದುಕೊಳ್ಳುತ್ತದೆ. ಹಿಂದಿನ ರಾತ್ರಿಯಿಂದಲೇ ಸದ್ದಿನಿಂದ ದೂರವಿದ್ದು, ಬೆಳಿಗ್ಗೆ ಬಿಎಂಟಿಸಿ ಬಸ್ಸು ಹತ್ತಿ. ಡ್ರೈವರ್ ಹಿಂದಿನ ಸೀಟು ಖಾಲಿ ಇದ್ದರೂ ಕೂರಬೇಡಿ. ಅವರ ಹಾರ್ನ್ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.