ಬೆಂಗಳೂರು ಆಗಂತುಕ ಸಂಹಿತೆ (ಸಭಾಷ್ಯ)

ಪೀಠಿಕೆ

ಊರಿಗೆ ಬರುವವರನ್ನು ಪೂರ್ವಾಚಾರ್ಯರು ದೇಶೀಯ–ವಿದೇಶೀಯ, ಬಡವ–ಬಲ್ಲಿದ ಎಂದು ವಿಂಗಡಿಸಿ ಕೈತೊಳೆದುಕೊಂಡಿದ್ದಾರೆ. ಬೆಳಗಿನ ಐದಕ್ಕೆ ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿದರೆ ಈ ವಿಂಗಡಣೆ ಐದು ನಿಮಿಷವೂ ಬಾಳುವುದಿಲ್ಲ. ಈ ಶಾಸ್ತ್ರದ ಮೂಲಪುರುಷರಾದ ಆಟೋ ಚಾಲಕರು ಬಸ್ಸಿಳಿದವನ ಮುಖ ನೋಡುವುದೇ ಇಲ್ಲ, ಕೈ ನೋಡುತ್ತಾರೆ. ಅವರ ಮತವನ್ನೇ ಪ್ರಮಾಣವಾಗಿಟ್ಟುಕೊಂಡು ಈ ಸಂಹಿತೆ ರಚಿತವಾಗಿದೆ.

ಸೂತ್ರ 1: ಆಗಂತುಕನನ್ನು ಸಾಮಾನಿನಿಂದ ಅರಿಯತಕ್ಕದ್ದು.

ಭಾಷ್ಯ: ಸಾಮಾನು ನಾಲ್ಕು ವಿಧ. ಚೀಲ, ಫೈಲು, ರಿಪೋರ್ಟು, ಟ್ರಾಲಿ. ಬರಿಗೈಲಿ ಬಂದವನು ಆಗಂತುಕನೇ ಅಲ್ಲ, ಸಾಲ ಕೇಳಲು ಬಂದ ನೆಂಟ. ಅವನಿಗೆ ದಾರಿ ಗೊತ್ತು.

ಸೂತ್ರ 2: ಚೀಲಧಾರಿಗೆ ವಿಳಾಸವೇ ವೈರಿ.

ಭಾಷ್ಯ: ಚೀಲಧಾರಿಗಳೆಂದರೆ ಮಗನ ಮನೆಗೆ ಬರುವ ಅಪ್ಪ–ಅಮ್ಮ. ಚೀಲದ ತಳದಲ್ಲಿ ತೆಂಗಿನಕಾಯಿ, ನಡುವೆ ಹಪ್ಪಳದ ಡಬ್ಬ, ಬಾಯಲ್ಲಿ ಕರಿಬೇವಿನ ಕಟ್ಟು. ಚೀಟಿಯಲ್ಲಿ ‘ಮೂರನೇ ಮೇನ್, ಏಳನೇ ಕ್ರಾಸ್’ ಎಂದಷ್ಟೇ ಇದ್ದರೆ ಆ ಚೀಟಿ ನಿಷ್ಪ್ರಯೋಜಕ; ಮೂರನೇ ಮೇನು ಪ್ರತಿ ಬಡಾವಣೆಗೂ ಒಂದುಂಟು. ಬಡಾವಣೆ, ಬ್ಲಾಕು, ಹಂತ ಇಷ್ಟನ್ನೂ ಬರೆಸಿಕೊಳ್ಳಬೇಕು. ಜಯನಗರದಲ್ಲಿ ನಾಲ್ಕನೇ ಬ್ಲಾಕು ಒಂದಾದರೆ ನಾಲ್ಕನೇ ‘ಟಿ’ ಬ್ಲಾಕು ಬೇರೆಯೇ ಉಂಟು.

ಅಮ್ಮನ ಆಧಾರ್ ಕಾರ್ಡು ತೆಂಗಿನಕಾಯಿಯ ಅಡಿಗೆ ಹೋಗಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ; ಎಸಿ ವಜ್ರಕ್ಕೂ ಏರ್‌ಪೋರ್ಟಿನ ವಾಯುವಜ್ರಕ್ಕೂ ಇದು ಅನ್ವಯಿಸದು. ಇದರಿಂದ ಗೃಹಸ್ಥಾಶ್ರಮದಲ್ಲಿ ಒಂದು ಮಹತ್ತರ ಪಲ್ಲಟವಾಗಿದೆ. ಅಪ್ಪ ‘ಆಟೋದಲ್ಲಿ ಹೋಗೋಣ ಕಣೇ’ ಎಂದರೆ ಅಮ್ಮ ‘ನೀವು ಬೇಕಾದ್ರೆ ಹೋಗಿ, ನಂಗೆ ಬಸ್ಸಿದೆ’ ಎನ್ನುತ್ತಾರೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ‘ಯಾವ ಫ್ಲ್ಯಾಟ್?’ ಎಂದು ಕೇಳಿದಾಗ ‘ತೀರ್ಥಹಳ್ಳಿ ಮೇಷ್ಟ್ರ ಮಗನ ಮನೆ’ ಎಂಬ ಉತ್ತರ ಸತ್ಯವಾದರೂ ಸಾಲದು. ಹೆತ್ತ ಮಗ ಮೊಬೈಲಿನಲ್ಲಿ ಒಪ್ಪಿಗೆ ಒತ್ತುವ ತನಕ ಹೆತ್ತವರು ಡೆಲಿವರಿ ಹುಡುಗರ ಸಾಲಿನಲ್ಲಿ ನಿಲ್ಲತಕ್ಕದ್ದು.

ಸೂತ್ರ 3: ಫೈಲುಧಾರಿಗೆ ದೂರ ಗೌಣ, ಸಾಹೇಬರ ಊಟದ ಹೊತ್ತು ಪ್ರಧಾನ.

ಭಾಷ್ಯ: ಮೆಜೆಸ್ಟಿಕ್ಕಿನಿಂದ ಮೆಟ್ರೋದ ನೇರಳೆ ಮಾರ್ಗದಲ್ಲಿ ಎರಡನೆಯ ನಿಲ್ದಾಣವೇ ವಿಧಾನಸೌಧ. ಈ ಕಟ್ಟಡ 1956ರಲ್ಲಿ ಮುಗಿಯಿತು. ಒಳಗಿನ ಕೆಲಸಗಳು ಯಾವಾಗ ಮುಗಿಯುತ್ತವೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಎಂದರೆ ಎದೆಗುಂದದೆ ಕಬ್ಬನ್ ಪಾರ್ಕಿಗೆ ನಡೆಯಬೇಕು. ಇತಿಹಾಸ ಫೈಲುಧಾರಿಯ ಪರವಾಗಿಯೇ ಇದೆ. ಸರ್ಕಾರದ ಇಲಾಖೆಗಳಿಗೆಂದು ಅಠಾರಾ ಕಚೇರಿ 1868ರಲ್ಲಿ ಸಿದ್ಧವಾಯಿತು, ಅದರ ಬೆನ್ನಿಗೇ 1870ರಲ್ಲಿ ಉದ್ಯಾನ ಬಂತು. ಎರಡೇ ವರ್ಷದಲ್ಲಿ ಕಾಯುವವರು ಎಷ್ಟು ಮಂದಿ ಕೂಡಿದ್ದಿರಬೇಕು ಎಂಬುದನ್ನು ಜಾಣರು ಊಹಿಸಿಕೊಳ್ಳಲಿ.

ಸೂತ್ರ 4: ರಿಪೋರ್ಟುಧಾರಿಯ ಬಳಿ ಶಾಸ್ತ್ರವು ಹರಟುವುದಿಲ್ಲ.

ಭಾಷ್ಯ: ಜಯದೇವ ಆಸ್ಪತ್ರೆಗೆ ಹೋಗುವವರು ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗ ಹಿಡಿದು, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಹತ್ತಿದರೆ ಎರಡನೆಯ ನಿಲ್ದಾಣ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಒಂದಕ್ಕೊಂದು ಹತ್ತಿರವೇ ಇವೆ. ಸ್ಕ್ಯಾನಿನ ಕವರು ಮಡಚಬೇಡಿ. ರಕ್ತ ಕೊಡಬೇಕಿದ್ದರೆ ದಾರಿಯ ಇಡ್ಲಿಗೆ ಮನಸೋಲುವ ಮೊದಲು ಖಾಲಿ ಹೊಟ್ಟೆ ಬೇಕೇ ಎಂದು ಕೇಳಿಕೊಳ್ಳಿ.

ಸೂತ್ರ 5: ಟ್ರಾಲಿಧಾರಿಯು ಊರನ್ನು ದೋಸೆಯಿಂದ ಅಳೆಯುತ್ತಾನೆ.

ಭಾಷ್ಯ: ಇವನು ಪರದೇಶವಾಸಿ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ 2008ಕ್ಕೂ ಮೊದಲೇ, ಎಚ್‌ಎಎಲ್‌ನಿಂದ ಹಾರಿದವನಾದರೆ ‘ಮೊದಲು ಹೀಗಿರಲಿಲ್ಲ’ ಎಂಬ ಮಂತ್ರವನ್ನು ಗಂಟೆಗೊಮ್ಮೆ ಜಪಿಸುತ್ತಾನೆ. ಇವನಿಗೆ ಬೇಕಾದ್ದು ನಕ್ಷೆಯಲ್ಲ, ಪಂಚಾಂಗ. ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ರಜೆ, ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ರಜೆ, ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರಜೆ. ರಾಹುಕಾಲ ನೋಡದೆ ಹೊರಟವನು ಬದುಕಿಕೊಂಡಾನು. ಇದನ್ನು ನೋಡದೆ ಹೊರಟವನು ಮುಚ್ಚಿದ ಬಾಗಿಲ ಮುಂದೆ ಸೆಲ್ಫಿ ತೆಗೆದುಕೊಂಡು ಹಿಂದಿರುಗಬೇಕಾಗುತ್ತದೆ.

ಮೀಟರ್ ವಿಚಾರ (ಸರ್ವಧಾರಿಗಳಿಗೂ ಅನ್ವಯ)

ಪೂರ್ವಪಕ್ಷ: 2025ರ ಆಗಸ್ಟ್ 1ರಿಂದ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಹೀಗೆ ಬರೆದಿಟ್ಟಿರುವಾಗ ಚೌಕಾಸಿಗೆ ಎಡೆಯೆಲ್ಲಿ?

ಉತ್ತರಪಕ್ಷ: ‘ಆ ಕಡೆಯಿಂದ ಖಾಲಿ ಬರ್ಬೇಕು ಸಾರ್, ಮೇಲೆ ಐವತ್ತು ಕೊಡಿ.’

ಸಿದ್ಧಾಂತ: ಆ ಕಡೆಯಿಂದ ಆಟೋಗಳು ಖಾಲಿ ಬರುವುದು ನಿಜವಾದರೆ, ಆ ಕಡೆ ನಿಂತವರಿಗೆ ಅವುಗಳಲ್ಲೊಂದಾದರೂ ಸಿಗಬೇಕಿತ್ತು. ಸಿಕ್ಕ ದಾಖಲೆಯಿಲ್ಲ. ಆದ್ದರಿಂದ ಖಾಲಿ ಆಟೋ ಎಂಬುದು ಚಾಲಕನಿಗೆ ಮಾತ್ರ ಗೋಚರಿಸುವ ಸೂಕ್ಷ್ಮ ಪದಾರ್ಥ. ಅದರ ಬಾಡಿಗೆಯನ್ನು ಮಾತ್ರ ಸ್ಥೂಲಶರೀರಿಗಳಾದ ನಾವು ಕೊಡತಕ್ಕದ್ದು. ಒಪ್ಪದವರಿಗೆ ಮೆಟ್ರೋ ಇದೆ.

ನಿರ್ಗಮನ ಪ್ರಕರಣ

ರೈಲಿಗೆ ಹೋಗುವವರು ಟಿಕೆಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿಕೊಳ್ಳಬೇಕು. ಮೆಜೆಸ್ಟಿಕ್ಕಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ ಬೇರೆ, ಯಶವಂತಪುರ ಬೇರೆ, ಬೈಯಪ್ಪನಹಳ್ಳಿಯ ಸರ್ ಎಂ.ವಿ. ಟರ್ಮಿನಲ್ ಬೇರೆ. ‘ಸ್ಟೇಷನ್ನಿಗೆ ಬಿಡಪ್ಪ’ ಎಂದರೆ ಚಾಲಕ ತನಗೆ ಹತ್ತಿರವಾದದ್ದಕ್ಕೆ ಬಿಡುತ್ತಾನೆ. ರೈಲು ಅಲ್ಲಿಗೆ ಬರಬೇಕೆಂಬ ನಿಯಮವಿಲ್ಲ.

ಫಲಶ್ರುತಿ

ಇದನ್ನು ನಿತ್ಯ ಪಠಿಸುವ ಚೀಲಧಾರಿಗೆ ಕಿಟಕಿ ಸೀಟು ದೊರೆಯುವುದು. ಫೈಲುಧಾರಿಗೆ ‘ಸೋಮವಾರ ಬನ್ನಿ’ ಎಂಬ ಅಭಯ ದೊರೆಯುವುದು, ಯಾವ ಸೋಮವಾರವೆಂದು ಕೇಳಬಾರದು. ರಿಪೋರ್ಟುಧಾರಿಯ ರಿಪೋರ್ಟು ನಾರ್ಮಲ್ ಬರುವುದು. ಟ್ರಾಲಿಧಾರಿಗೆ ದೋಸೆ ಗರಿಯಾಗಿ ಸಿಕ್ಕುವುದು. ಸಿಲ್ಕ್ ಬೋರ್ಡ್ ಸಿಗ್ನಲ್ಲು ಪಾರಾಯಣಕ್ಕೆ ಪ್ರಶಸ್ತ ಸ್ಥಳ. ಒಂದು ಆವೃತ್ತಿಗೆ ಧಾರಾಳ ಸಮಯವಿದೆ, ಸಂಜೆಯಾದರೆ ಭಾಷ್ಯಸಮೇತ ಮೂರು ಆವೃತ್ತಿಗೂ ಇದೆ. ವಿಮಾನ ಹಿಡಿಯುವವರು ಮಾತ್ರ ಇಲ್ಲಿಯವರೆಗೆ ಓದುತ್ತ ಕೂತದ್ದೇ ತಪ್ಪು, ಹೊರಡಿ.