ಗಂಟಿನೊಳಗಿನ ಸಫಾರಿ

ಬಂಗಾಳ ಕೊಲ್ಲಿಗೂ ಬೀದರ ಜಿಲ್ಲೆಯ ನಮ್ಮ ಕಮಠಾಣಕ್ಕೂ ಏನು ನಂಟು ಅಂತೀರಾ? 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತ ಹೈದರಾಬಾದನ್ನು ತೋಯಿಸಿ ಸೀದಾ ನಮ್ಮ ಕಡೆಗೇ ಹೊರಳಿತು. ಕೊಯ್ದಿಟ್ಟ ಸೋಯಾ ಹೊಲದಲ್ಲೇ ಕೊಳೆಯಿತು. ಕೆಳಗೆ ಕಲಬುರಗಿ, ಯಾದಗಿರಿ ಕಡೆ ಭೀಮೆ ಊರೊಳಗೇ ಬಂದಳು.

ಎರಡು ದಿನಕ್ಕೆ ನಮ್ಮ ಓಣಿಯ ಹುಡುಗರು ಟಂಟಂ ತಂದು ನಿಲ್ಲಿಸಿದರು. ‘ಭೀಮಾ ದಂಡಿ ಮಂದಿಗಿ ಏನರೆ ಕೊಡ್ರಿ.’ ನನ್ನಾಕೆಗೆ ಇಂಥ ಹೊತ್ತಿನಲ್ಲಿ ದಾನಬುದ್ಧಿ ಉಕ್ಕುತ್ತದೆ. ಟ್ರಂಕು ಖಾಲಿ ಮಾಡಲು ಅದಕ್ಕಿಂತ ಒಳ್ಳೆ ಮುಹೂರ್ತ ಎಲ್ಲಿದೆ? ಗಂಟಿನಲ್ಲಿ ನನ್ನ ಲಗ್ನದ ಸಫಾರಿಯೂ ಸೇರಿತು.

ಬೇಲಿ ಆಚೆ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದ ಪಕ್ಕದ ಮನೆ ಕಾಕಾ ಅದನ್ನು ಎತ್ತಿ ಹಿಡಿದು ನೋಡಿದರು. ‘ಮಾಸ್ತರ, ಮನಿ ನೀರಾಗ ಹೋದಾಂವ ಇದನ್ನ ಹಾಕ್ಕೊಂಡು ಯಾರ ಲಗ್ನಕ್ಕ ಹೋಗ್ಬೇಕು?’

ನಾನೇನು ಹೇಳಲಿ. 2004ರ ಸುನಾಮಿಯ ನಂತರ ತಮಿಳುನಾಡಿನ ಕಡಲ ದಂಡೆಯ ಊರುಗಳಲ್ಲಿ ಬೇಡವಾದ ಹಳೆ ಬಟ್ಟೆ ರಸ್ತೆ ಬದಿ ರಾಶಿ ಬಿದ್ದಿತ್ತು. ಅದನ್ನು ವಿಂಗಡಿಸುವುದೇ ಅಂಶು ಗುಪ್ತಾ ಅವರ ‘ಗೂಂಜ್’ ಸಂಸ್ಥೆಗೆ ಒಂದು ದೊಡ್ಡ ಕೆಲಸವಾಯಿತು. ಅಲ್ಲಿಗೂ ಯಾರೋ ಒಬ್ಬ ಮಾಸ್ತರನ ಸಫಾರಿ ಹೋಗಿರಲೇಬೇಕು.

‘ಕಳಸೋದಿದ್ರ ರೊಟ್ಟಿ ಕಳಸ್ರಿ’ ಅಂದರು ಕಾಕಾ. ಮಾತು ಖರೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಕಟಕ ರೊಟ್ಟಿ ಮೂಟೆ ಮೂಟೆ ಹೋದವು. ಒಲೆ ಬೇಡ, ನೀರು ಬೇಡ, ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಆಯಿತು. ಅನ್ನ ಉಣ್ಣುವ ಮಂದಿ ಅದನ್ನು ಹೇಗೆ ಮುರಿದರೋ, ಅದು ಬೇರೆ ಮಾತು.

ಕಾಕಾ ಕಡ್ಡಿ ಉಗುಳಿ ಬೇಲಿಯ ಗೂಟಕ್ಕೆ ಕೈ ಊರಿದರು. ಕಿಲ್ಲಾರಿ ಭೂಕಂಪ ನೆನಪಾಗಿತ್ತು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ, ನಸುಕಿನ ನಾಲ್ಕಕ್ಕೆ ಇನ್ನೂ ಸ್ವಲ್ಪ ಇರುವಾಗ ನೆಲ ನಡುಗಿತು. ನಮ್ಮಲ್ಲಿ ಪಾತ್ರೆ ಉರುಳಿದವು. ಗಡಿ ಆಚೆ ಲಾತೂರ ಸೀಮೆಯಲ್ಲಿ ಮಣ್ಣು-ಕಲ್ಲಿನ ದಪ್ಪ ಗೋಡೆಗಳು ಮಲಗಿದವರ ಮೇಲೇ ಕುಂತವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಕಾಕಾ ಆಗ ಹರೆಯದವರು, ಗೆಳೆಯರ ಜೊತೆ ಟೆಂಪೋ ತುಂಬ ಬ್ರೆಡ್ಡು ಹೇರಿಕೊಂಡು ಹೋದರಂತೆ. ಮಳೆ ಬೇರೆ. ದಾರಿ ತುಂಬ ನೋಡಲಿಕ್ಕೆ ಬಂದ ಮಂದಿಯೇ.

‘ಒಬ್ಬ ಮುದುಕ ಬ್ರೆಡ್ ಕೈಯಾಗ ತಗೊಂಡ. ತಿನಲಿಲ್ಲ. ಕಟ್ಟಿಗಿ ತಂದೀರೇನಪಾ ಅಂದ.’

ಸುಡಲಿಕ್ಕೆ. ನಾನು ಸುಮ್ಮನೆ ಬೇಲಿಯ ಮುಳ್ಳು ನೋಡುತ್ತ ನಿಂತೆ.

‘ಬ್ರೆಡ್ ಅಲ್ಲೇ ಇಟ್ಟು ಮೂರು ದಿನ ಸಲಿಕಿ ಹಿಡದಿವಿ’ ಅಂದು ಕಾಕಾ ಒಳಗೆ ಹೋದರು. ಕಾಕಿಗೆ ಏನೋ ಕೂಗಿದ್ದು ಕೇಳಿಸಿತು. ಆ ಸಂಜೆ ನಮ್ಮ ಓಣಿಯಲ್ಲಿ ಹಿಟ್ಟು ಬಡಿಯುವ ಸಪ್ಪಳ ಹೊತ್ತು ಮುಳುಗಿದರೂ ನಿಲ್ಲಲಿಲ್ಲ. ನನ್ನಾಕೆ ಮಾತ್ರ ಗಂಟನ್ನೂ ಕಳಿಸಿಯೇ ಬಿಟ್ಟಳು. ಟ್ರಂಕಿಗೆ ವಾಪಸ್ ಹಾಕುವ ಮಾತೇ ಇಲ್ಲ.

ನಾಲ್ಕನೇ ದಿನ ಟಂಟಂ ಮರಳಿತು. ರೊಟ್ಟಿ ಬುಟ್ಟಿಗಳು ಖಾಲಿ. ಜಿಟಿಜಿಟಿ ಮಳೆಯಲ್ಲಿ ನಡುಗುತ್ತ ಇಳಿದ ಡ್ರೈವರ್ ಹುಡುಗನ ಮೈಮೇಲೆ ನನ್ನ ಸಫಾರಿ.

ಬೇಲಿ ಆಚೆಯಿಂದ ಕಾಕಾ ಅಂದರು: ‘ನೋಡ್ರಿ ಮಾಸ್ತರ, ಕಡೀಕೂ ಒಬ್ಬ ಸಂತ್ರಸ್ತ ಸಿಕ್ಕ!’